ಗಂಟಲು ಮಗನದು, ಕಿವಿ ಅಪ್ಪನದು

ಈಗ ಈ ಕೆಲಸಕ್ಕೆ ಸೇರುವ ಮಕ್ಕಳು ನನ್ನನ್ನು ಕಂಡರೆ ಮೊದಲು ಕೇಳುವುದು ಮೆಷಿನ್ನಿನ ವಿಷಯ. ಯಾವ ಕಂಪನಿಯದು ಒಳ್ಳೆಯದು, ಯಾವ ಸಾಫ್ಟ್‌ವೇರ್ ಕಲಿತರೆ ಬೇಗ ಕೆಲಸ ಸಿಗುತ್ತದೆ, ಇಂಥವೇ. ನನಗೆ ಮೆಷಿನ್ನುಗಳ ಮೇಲೆ ಸಿಟ್ಟೇನೂ ಇಲ್ಲ. ಆದರೆ ಕಿವಿ ಗಂಟಲಿನ ಕೆಲಸಕ್ಕೆ ಬರುವವರು ಕಲಿಯಬೇಕಾದ ಒಂದು ಪ್ರಶ್ನೆ ಇದೆ, ಅದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ಈ ಮನುಷ್ಯ ದಿನವಿಡೀ ಯಾರ ಜೊತೆ ಮಾತಾಡುತ್ತಾನೆ? ಇಷ್ಟೇ ಇಷ್ಟು. ಇದನ್ನು ಕೇಳುವ ಬುದ್ಧಿ ನನಗೆ ಬರುವ ಹೊತ್ತಿಗೆ ತಲೆಗೂದಲು ಅರ್ಧ ಬೆಳ್ಳಗಾಗಿತ್ತು.

ನಾನಿದ್ದದ್ದು ಮಾಗಡಿ ರೋಡಿನ ಒಳಗೆ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ. ನಮ್ಮ ಬಾಗಿಲ ಮೇಲೆ 'ವಾಕ್ ಮತ್ತು ಶ್ರವಣ ವಿಭಾಗ' ಎಂದು ದೊಡ್ಡದಾಗಿ ಬರೆಸಿದ್ದರು, ಜನ ಮಾತ್ರ 'ಕಿವಿ ರೂಮು' ಅನ್ನುತ್ತಿದ್ದರು. ಕಿವಿ ಪರೀಕ್ಷೆಗೆಂದು ಎರಡು ಬಾಗಿಲಿನ, ಒಂದು ಗಾಜಿನ ಕಿಟಕಿಯ, ಒಳಗೆಲ್ಲ ಮೆತ್ತೆ ಹೊಡೆದ ಒಂದು ಗೂಡು. ಅದರಲ್ಲಿ ಕೂತರೆ ನಮ್ಮ ಉಸಿರೇ ನಮಗೆ ಕೇಳಿಸುತ್ತಿತ್ತು. ನಾನು ಸೇರಿದಾಗ ಗಂಟಲು ನೋಡಲು ಇದ್ದದ್ದು ಪುಟ್ಟ ಕನ್ನಡಿ. ಅದನ್ನು ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಿ, ರೋಗಿಯ ನಾಲಗೆ ಹಿಡಿದೆಳೆದು, 'ಈ ಅನ್ನಿ' ಅನ್ನುತ್ತಿದ್ದೆವು. ನಾಲಗೆ ಎಳೆಸಿಕೊಂಡವರು 'ಈ' ಅನ್ನುವುದು ಹೇಗೆ ಎಂದು ನಾವು ಯಾರೂ ಯೋಚಿಸಿರಲಿಲ್ಲ. ಆಮೇಲೆ ಮೂಗಿನೊಳಗೆ ಬಿಡುವ ತೆಳ್ಳನೆಯ ಕೊಳವೆ ಬಂತು, ಅದಕ್ಕೊಂದು ಟೀವಿ ಬಂತು. ನಮ್ಮ ದೊಡ್ಡ ಡಾಕ್ಟರಿಗೆ ಆ ಟೀವಿ ಎಂದರೆ ಪ್ರಾಣ. ಆಯಾ ನರಸಮ್ಮನನ್ನೂ ಮುಟ್ಟಲು ಬಿಡದೆ ತಾವೇ ಒರೆಸುತ್ತಿದ್ದರು.

ಎಡವಟ್ಟುಗಳಿಗೇನೂ ಕಡಿಮೆ ಇರಲಿಲ್ಲ. ಅನ್ನಪೂರ್ಣೇಶ್ವರಿ ನಗರದ ಕಡೆಯಿಂದ ಗಾಡಿ ತಳ್ಳಿಕೊಂಡು ಸೊಪ್ಪು ಮಾರುವ ಒಬ್ಬಾಕೆ ಬರುತ್ತಿದ್ದರು. ಕೂಗಿ ಕೂಗಿ ಗಂಟಲು ಹರಿದುಹೋಗಿತ್ತು. ನಾನು ಪುಸ್ತಕದಲ್ಲಿದ್ದಂತೆ ಕೂಗುವುದನ್ನು ನಿಲ್ಲಿಸಿ ಅಂದೆ.

"ನಾನ್ ಕೂಗ್ದೆ ಇದ್ರೆ ಸೊಪ್ಪೇ ಕೂಗುತ್ತಾ ಮೇಡಂ?" ಅಂದರು.

ಆಗ ನನಗೊಂದು ಭಾರೀ ಉಪಾಯ ಹೊಳೆಯಿತು. ನಮ್ಮ ಮನೆಯಲ್ಲಿದ್ದ ಒಂದು ಗಂಟೆ ತಂದು ಕೊಟ್ಟೆ, ಇದನ್ನು ಬಾರಿಸಿಕೊಂಡು ಹೋಗಿ ಅಂದೆ. ವಾರದಲ್ಲಿ ಆಕೆ ಗಂಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ವಾಪಸ್ ತಂದರು. ಗಂಟೆ ಕೇಳಿ ಬೀದಿಯ ಮಕ್ಕಳೆಲ್ಲ ಕುಲ್ಫಿ ಗಾಡಿ ಎಂದು ಓಡಿಬಂದವಂತೆ, ಸೊಪ್ಪು ಕೊಳ್ಳುವ ಹೆಂಗಸರು ಒಬ್ಬರೂ ಹೊರಗೆ ಬರಲಿಲ್ಲವಂತೆ. ನಾನು ಆಕೆಯ ಜೊತೆ ಕೂತು ನಕ್ಕೆ, ಮತ್ತೇನು ಮಾಡುವುದು. ಆಮೇಲೆ ಹೊಟ್ಟೆಯಿಂದ ಉಸಿರು ತೆಗೆದು ಕೂಗುವುದನ್ನು ಹೇಳಿಕೊಟ್ಟೆ. ಅದು ಕೆಲಸ ಮಾಡಿತು.

ಆದರೆ ನಾನು ಹೇಳಬೇಕೆಂದು ಕೂತಿರುವುದು ಮಂಜುನ ವಿಷಯ.

ವಿಜಯನಗರದಲ್ಲಿ ಇನ್ನೂ ಮೆಟ್ರೋ ಕಂಬಗಳು ಎದ್ದಿರದ ವರ್ಷಗಳು. ಒಂದು ಬೆಳಿಗ್ಗೆ ಕಪ್ಪು ಟೀ ಶರ್ಟಿನ ತೆಳ್ಳನೆಯ ಯುವಕನೊಬ್ಬ ಬಂದು ಕೂತ. ಟೀ ಶರ್ಟಿನ ಎದೆಯ ಮೇಲೆ ಏನೋ ಬೇರುಬೇರಾಗಿ ಹರಡಿಕೊಂಡಿತ್ತು, ಗಿಡದ ಚಿತ್ರ ಅಂದುಕೊಂಡೆ. ಅದು ಯಾವುದೋ ಬ್ಯಾಂಡಿನ ಹೆಸರಿನ ಅಕ್ಷರಗಳು ಎಂದು ಅವನೇ ಆಮೇಲೆ ಹೇಳಿದ. ಹೆಸರು ಕೇಳಿದೆ. ಮಂಜುನಾಥ ಎಂಬ ಹೆಸರು ಪೂರ್ತಿ ಹೊರಗೆ ಬರಲೇ ಇಲ್ಲ, ಅರ್ಧ ಬರೀ ಗಾಳಿಯಾಗಿ ಹೋಯಿತು. ಮಾರೇನಹಳ್ಳಿಯ ಒಂದು ಡಿಟಿಪಿ ಅಂಗಡಿಯಲ್ಲಿ ಮದುವೆ ಕಾರ್ಡು ಜೋಡಿಸುವ ಕೆಲಸವಂತೆ.

"ಕಂಪ್ಯೂಟರ್ ಮುಂದೆ ಕೂತ್ಕೊಳ್ಳೋನಿಗೆ ಗಂಟಲು ಯಾಕಪ್ಪ ಹೋಯ್ತು?"

"ಹಾಡ್ತೀನಿ ಮೇಡಂ. ಬ್ಯಾಂಡಲ್ಲಿ."

"ಏನ್ ಹಾಡ್ತೀಯ? ಒಂದು ಸಾಲು ಹಾಡು ನೋಡೋಣ."

ಅವನು ಸಂಕೋಚದಿಂದ ಬಾಗಿಲ ಕಡೆ ನೋಡಿದ. "ಬೇಡ ಮೇಡಂ, ಹೆದರ್ಕೋತೀರ," ಅಂದ. ನಾನು ಹೆದರುವವಳಲ್ಲ ಅಂದೆ. ಅವನು ಕಣ್ಣು ಮುಚ್ಚಿ, ಉಸಿರು ತುಂಬಿಕೊಂಡು, ಎದೆಯ ಆಳದಿಂದ ಒಂದು ಸದ್ದು ತೆಗೆದ. ಕೋಣದ್ದೂ ಅಲ್ಲ, ಲಾರಿಯದ್ದೂ ಅಲ್ಲ. ಹೊರಗೆ ಕಿವಿ ತೋರಿಸಲು ಬಂದಿದ್ದ ಮಗು ಅಳತೊಡಗಿತು. ನರಸಮ್ಮ ಬಾಗಿಲು ತಳ್ಳಿಕೊಂಡು ಬಂದು, "ಯಾರಿಗ್ ಫಿಟ್ಸ್ ಬಂತು ಮೇಡಂ?" ಅಂದಳು.

ಗಿಟಾರು ಡ್ರಮ್ಮುಗಳ ಅಬ್ಬರದ ನಡುವೆ ಅವನು ಹೀಗೆ ಗುರುಗುಟ್ಟಿ ಹಾಡುವುದಕ್ಕೆ ಮೆಟಲ್ ಎಂದು ಹೆಸರಂತೆ. ಅವನೂ ಇನ್ನು ಮೂವರು ಗೆಳೆಯರೂ ಸೇರಿ ಒಂದು ಆಲ್ಬಂ ಮಾಡಲು ಹೊರಟಿದ್ದರು. ಹಾಡುಗಳೆಲ್ಲ ತಯಾರಾಗಿದ್ದವು, ವಿಜಯನಗರದ ಒಂದು ಸ್ಟುಡಿಯೋದಲ್ಲಿ ರೆಕಾರ್ಡಿಂಗಿಗೆ ಮಾತಾಗಿತ್ತು. ಅಷ್ಟರಲ್ಲಿ ಗಂಟಲು ಕೈಕೊಟ್ಟಿತ್ತು.

ದೊಡ್ಡ ಡಾಕ್ಟರು ಕೊಳವೆ ಹಾಕಿ ನೋಡಿದರು. ಗಂಟಲಿನ ಎರಡು ಧ್ವನಿತಂತುಗಳ ಅಂಚಿನಲ್ಲೂ ಸಾಸಿವೆಯಷ್ಟು ಗಂಟು, ಒಂದರ ಎದುರಿಗೆ ಒಂದು. ಮೇಷ್ಟ್ರುಗಳಲ್ಲಿ, ಬಸ್ ಕಂಡಕ್ಟರುಗಳಲ್ಲಿ ನಾವು ದಿನಾ ನೋಡುತ್ತಿದ್ದದ್ದೇ. ಡಾಕ್ಟರು ಕೈ ತೊಳೆಯುತ್ತಾ ಅಂದರು, "ನೋಡಪ್ಪ, ಆ ಕಿರುಚಾಟ ನಿಲ್ಲಿಸು. ಇಲ್ಲದಿದ್ರೆ ಗಂಟಲು ತಾನೇ ನಿಂತುಹೋಗುತ್ತೆ. ಆಪರೇಷನ್ ಕಡೇ ಮಾತು. ಅಲ್ಲೀವರೆಗೂ ಈ ಸರೋಜಾ ಮೇಡಂ ಹೇಳಿದ ಹಾಗೆ ಕೇಳು."

ನನಗೂ ಡಾಕ್ಟರು ಹೇಳಿದ್ದು ಸರಿಯೆಂದೇ ಕಂಡಿತು. ಅಂಥ ಸದ್ದು ಹೊರಡಿಸುವ ಗಂಟಲು ಹಾಳಾಗದೆ ಇನ್ನೇನಾಗುತ್ತದೆ ಅಂದುಕೊಂಡೆ. ಒಂದು ವಾರ ಪೂರ್ತಿ ಮೌನ, ಪಿಸುಗುಟ್ಟುವುದೂ ಬೇಡ, ಪಿಸುಮಾತಿಗೆ ಗಂಟಲು ಇನ್ನೂ ಬಿಗಿಯುತ್ತದೆ ಎಂದು ಹೇಳಿ ಕಳಿಸಿದೆ. ಅವನು ಅಂದಿನಿಂದಲೇ ಬಾಯಿ ಮುಚ್ಚಿದ, ನನಗೆ ಥ್ಯಾಂಕ್ಸ್ ಕೂಡ ಹೇಳದೆ ಕೈ ಮುಗಿದು ಹೋದ.

ವಾರ ಮುಗಿಯುವ ಮೊದಲೇ ಅವರಪ್ಪ ಬಂದರು. ಮಗ ಮನೆಯಲ್ಲಿಟ್ಟಿದ್ದ ಆಸ್ಪತ್ರೆ ಚೀಟಿ ಹಿಡಿದುಕೊಂಡು, ದಾರಿ ಕೇಳಿಕೊಂಡು ಬಂದಿದ್ದರು. ರಂಗಪ್ಪ ಎಂದು ಹೆಸರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಅಗಲ ಭುಜ, ಕಾರಿಡಾರಿನ ಆ ತುದಿಗೂ ಕೇಳುವ ದನಿ.

"ನನ್ ಮಗಂಗೆ ಏನ್ ಹೇಳ್ಕೊಟ್ಟಿದೀರ ಮೇಡಂ? ಮನೇಲಿ ನನ್ ಜೊತೆ ಮಾತೇ ಬಿಟ್ಟವ್ನೆ. ಏನ್ ಕೇಳಿದ್ರೂ ಕೈ ಬೀಸ್ತಾನೆ. ನಾನೇನ್ ತಪ್ ಮಾಡ್ದೆ ಅವ್ನಿಗೆ?"

ಕೂರಿಸಿ, ಗಂಟಲಿಗೆ ರೆಸ್ಟ್ ಕೊಟ್ಟಿದ್ದೇವೆ, ಮಾತಾಡಬಾರದೆಂದು ನಾವೇ ಹೇಳಿದ್ದು ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. ಸರಿ ಸರಿ ಅಂದರು. ಒಂದು ಕ್ಷಣ ಬಿಟ್ಟು, "ಅದ್ಸರಿ, ಯಾಕ್ ಮಾತು ಬಿಟ್ಟ ಅಂತ ನೀವ್ ಹೇಳ್ಳೇ ಇಲ್ವಲ್ಲ," ಅಂದರು.

ನಾನು ತುಟಿ ಕಾಣದಂತೆ ಕೈಲಿದ್ದ ಫೈಲನ್ನು ಬಾಯಿಗೆ ಅಡ್ಡ ಹಿಡಿದು, ತಿಂಡಿ ಆಯ್ತಾ ಎಂದು ಕೇಳಿದೆ.

"ಮಾರೇನಹಳ್ಳಿ," ಅಂದರು ರಂಗಪ್ಪ, ತಲೆಯಾಡಿಸುತ್ತಾ.

ಮಕ್ಕಳೇ, ಇದನ್ನು ನೆನಪಿಟ್ಟುಕೊಳ್ಳಿ. ಕಿವಿ ಮಂದವಾದವರು 'ಆಂ?' ಎಂದು ಕೇಳುತ್ತಾರೆ ಅಂದುಕೊಂಡಿರುತ್ತೀರಿ. ಅದು ಮೊದಮೊದಲು. ಆಮೇಲೆ ಎದುರಿನವರ ಮುಖ ಸಿಡಿಸಿಡಿಯಾಗುವುದನ್ನು ನೋಡಿ ನೋಡಿ, ಕೇಳುವುದನ್ನು ಬಿಟ್ಟು ತಲೆಯಾಡಿಸಲು ಕಲಿಯುತ್ತಾರೆ. ಎಲ್ಲಕ್ಕೂ ಹೌದು ಹೌದು ಅನ್ನುವ ಮನುಷ್ಯ ಕಂಡರೆ ಮೊದಲು ಅವರ ಕಿವಿ ನೋಡಿ. ರಂಗಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ ಮುಂದೆ ನಿಂತು ತಗಡು ಒತ್ತುತ್ತಾ ವಯಸ್ಸು ಕಳೆದವರು. ಕಿವಿಗೆ ಹತ್ತಿ ಕೂಡ ಇಟ್ಟುಕೊಂಡವರಲ್ಲ.

ವಾರ ಕಳೆದು ಮಂಜು ಬಂದಾಗ ನಾನು ಕಡೆಗೂ ಆ ಪ್ರಶ್ನೆ ಕೇಳಿದೆ. ಮನೆಯಲ್ಲಿ ಯಾರ್ಯಾರಿದ್ದೀರಿ, ದಿನವಿಡೀ ಯಾರ ಜೊತೆ ಮಾತು? ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಅಪ್ಪ ಮಗ ಇಬ್ಬರೇ. ಬೆಳಿಗ್ಗೆ ನೀರು ಬಂತು ಎನ್ನುವುದರಿಂದ ಹಿಡಿದು ಮಲಗುವ ಮುಂಚೆ ಬಾಗಿಲು ಹಾಕಿದೆ ಎನ್ನುವವರೆಗೂ ಎಲ್ಲವನ್ನೂ ಕಿರುಚಿಯೇ ಹೇಳಬೇಕು. ಅಡುಗೆಮನೆಯಿಂದ ಅಪ್ಪ ಇರುವ ಕೋಣೆಗೆ, ಇಲ್ಲವೇ ಬೀದಿಗೆ.

ದೊಡ್ಡ ಡಾಕ್ಟರ ಹತ್ತಿರ ಹೋಗಿ, ಸಾರ್, ಇನ್ನೊಂದು ಸಲ ಕೊಳವೆ ಹಾಕಿ, ಈ ಸಲ ಹಾಡಿಸಿ ನೋಡೋಣ ಅಂದೆ. ಅವರಿಗೆ ಟೀವಿ ಹಚ್ಚಲು ಒಂದು ನೆಪ ಸಾಕು. ಕೊಳವೆ ಮೂಗಿನಲ್ಲಿದ್ದಂತೆಯೇ ಮಂಜು ತನ್ನ ಹಾಡಿನ ಒಂದು ಸಾಲು ಗುರುಗುಟ್ಟಿದ. ಟೀವಿಯಲ್ಲಿ ನೋಡಿದರೆ ಧ್ವನಿತಂತುಗಳ ಮೇಲಿನ ದಪ್ಪ ಮಡಿಕೆಗಳು ಅದುರುತ್ತಿದ್ದವು, ಕೆಳಗಿನ ತಂತುಗಳ ಮೇಲೆ ನಾವು ಹೆದರಿದಷ್ಟು ಪೆಟ್ಟು ಬೀಳುತ್ತಿರಲಿಲ್ಲ. ಅವನು ಎಲ್ಲೆಲ್ಲಿಯೋ ಹುಡುಕಿ, ತಪ್ಪು ಮಾಡಿ, ಕಲಿತ ವಿದ್ಯೆ ಅದು. ಆಮೇಲೆ ನಾನು, "ಮನೇಲಿ ಅಪ್ಪನ್ನ ಊಟಕ್ಕೆ ಹೆಂಗ್ ಕರೀತೀಯೋ ಹಂಗೆ ಕರಿ," ಅಂದೆ.

"ಅಪ್ಪಾ, ಊಟಕ್ ಬಾ" ಎಂದು ಕರೆದ. ಕುತ್ತಿಗೆಯ ನರಗಳೆಲ್ಲ ಎದ್ದವು. ಟೀವಿಯಲ್ಲಿ ಎರಡು ತಂತುಗಳೂ ಗಂಟಿಗೆ ಗಂಟು ಬಡಿದುಕೊಂಡವು.

ಡಾಕ್ಟರು ಕೊಳವೆ ಮೆಲ್ಲಗೆ ಹೊರಗೆ ತೆಗೆದರು. "ಹಾಡಲ್ಲ ಕಣ್ರೀ. ಊಟಕ್ಕೆ ಕರೆದೇ ಈ ಹುಡುಗನ ಗಂಟಲು ಹೋಗಿರೋದು," ಅಂದರು. ಹೀಗೆಂದು ಎಲ್ಲರ ಕಿರುಚಾಟವೂ ಕ್ಷೇಮ ಎಂದು ತಿಳಿಯಬೇಡಿ. ಹಾಗೆ ಹಾಡಿ ಗಂಟಲು ಕಳೆದುಕೊಂಡವರನ್ನೂ ನೋಡಿದ್ದೇನೆ. ಇವನ ಮಟ್ಟಿಗೆ ಸಂಗತಿ ಇದಾಗಿತ್ತು.

ಕಾರಣ ಸಿಕ್ಕಮೇಲೆ ಮದ್ದೂ ಗೊತ್ತಾಯಿತು, ರಂಗಪ್ಪನವರ ಕಿವಿಗೆ ಮೆಷಿನ್. ಅಲ್ಲೇ ತೊಡಕು. ಮತ್ತೆ ಕರೆಸಿ ಎದುರಿಗೆ ಕೂತು ಹೇಳಿದರೆ, "ನಂಗ್ ಕೇಳ್ಸತ್ತೆ ಮೇಡಂ. ಈಗಿನ್ ಜನ ಗೊಣಗ್ತಾರೆ ಅಷ್ಟೆ," ಅಂದರು. ಹಿಂದೊಮ್ಮೆ ಯಾರೋ ಜೇಬಿನಲ್ಲಿಟ್ಟುಕೊಳ್ಳುವ ಡಬ್ಬದ ಮೆಷಿನ್ ಕೊಡಿಸಿದ್ದರಂತೆ. ಅದರಲ್ಲಿ ಹೆಂಡತಿಯ ಮಾತಿಗಿಂತ ಶರ್ಟಿನ ಬಟ್ಟೆ ಉಜ್ಜುವ ಸದ್ದೇ ಜೋರಾಗಿ ಕೇಳುತ್ತಿತ್ತಂತೆ. ಅದನ್ನು ಪೆಟ್ಟಿಗೆಯೊಳಗೆ ಹಾಕಿದವರು ಮತ್ತೆ ತೆಗೆಯಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆ ಕಾಲದ ಡಬ್ಬಗಳೇ ಹಾಗಿದ್ದವು. ಆದರೂ ನನಗೆ ಸಿಟ್ಟು ಬಂತು. ಮಗನ ದನಿ ಹೋಗುತ್ತಿದೆ, ಈ ಮನುಷ್ಯ ಹಟ ಮಾಡುತ್ತಾರಲ್ಲ ಎಂದು ಮಂಜುನ ಮುಂದೆಯೇ ಗೊಣಗಿದೆ.

"ಬೈಬೇಡಿ ಮೇಡಂ," ಅಂದ ಅವನು. ಆಮೇಲೆ ಅಲ್ಲೇ ಕೂತು, ಮೆತ್ತೆಯ ಗೂಡಿನಲ್ಲಿ, ನಾನು ಹೇಳಿಕೊಟ್ಟ ಮೆಲುದನಿಯಲ್ಲಿ ಅಮ್ಮನ ಸುದ್ದಿ ಹೇಳಿದ.

ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಅಮ್ಮನಿಗೆ ಜೋರಾಗಿ ಮಾತಾಡಲು ಶಕ್ತಿ ಇರಲಿಲ್ಲ. ರಂಗಪ್ಪ ಹಾಸಿಗೆಯ ಪಕ್ಕದ ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ. ಆಕೆ ಏನೇನೋ ಹೇಳುವರು, ಇವರು ತಲೆಯಾಡಿಸುವರು. ಒಂದು ಮಾತೂ ಕಿವಿಗೆ ಬಿದ್ದಿರಲಿಲ್ಲ. ಆಮೇಲೆ ನೆಂಟರು ಕೇಳಿದರೆ, ಎಲ್ಲಾ ನನಗೆ ಹೇಳೇ ಹೋದಳು ಅನ್ನುತ್ತಿದ್ದರು. ಆದರೆ ಒಂದು ದಿನ ಅಮ್ಮನ ಫೋಟೋ ಮುಂದೆ ನಿಂತು, "ಏನಂದ್ಯೋ ಏನೋ ಕಣೇ, ಒಂದೂ ಕೇಳಿಸ್ಲಿಲ್ಲ," ಅಂದರಂತೆ. ತಮ್ಮ ದನಿ ಎಷ್ಟು ಜೋರಿದೆ ಎಂದು ಅವರಿಗೇ ಗೊತ್ತಾಗುವುದಿಲ್ಲವಲ್ಲ. ಮನಸ್ಸಿನಲ್ಲೇ ಅಂದುಕೊಂಡೆ ಎಂದು ಅವರು ತಿಳಿದದ್ದು ಅಡುಗೆಮನೆಯಲ್ಲಿದ್ದ ಮಗನಿಗೆ ಸ್ಪಷ್ಟವಾಗಿ ಕೇಳಿಸಿತು.

"ಅಮ್ಮ ಆಸ್ಪತ್ರೇಲಿ ನನ್ ಕಡೆ ತಿರುಗಿ ಒಂದ್ ಮಾತು ಅಂದಿದ್ಲು ಮೇಡಂ, ಅಪ್ಪನ ಬಗ್ಗೆ. 'ಇವ್ರಿಗೆ ಕೇಳಿಸ್ತಿಲ್ಲ ಅಂತ ಗೊತ್ತು ಕಣೋ. ತಲೆ ಆಡಿಸ್ಕೊಂಡು ಪಕ್ಕದಲ್ಲೇ ಕೂತವ್ರಲ್ಲ, ಸಾಕು ಬಿಡು' ಅಂತ. ನಗ್ತಾ ಅಂದಿದ್ದು."

"ಅದನ್ನ ಅಪ್ಪಂಗೆ ಹೇಳ್ಲಿಲ್ವಾ?"

"ಹೆಂಗೆ ಹೇಳ್ಲಿ? ಕಿರುಚಿ ಹೇಳೋ ಮಾತಾ ಅದು? ಪಕ್ಕದ್ಮನೆವ್ರಿಗೆಲ್ಲ ಕೇಳ್ಸತ್ತೆ."

"ಬರೆದು ತೋರಿಸ್ಬೋದಿತ್ತು."

"ಬರ್ದೆ. ಓದಿದ್ರೆ ಬೈದಂಗೇ ಇರತ್ತೆ ಮೇಡಂ, ನಿಂಗ್ ಕೇಳಿಸ್ಲಿಲ್ಲ ಅಂತ ಅಮ್ಮಂಗೆ ಗೊತ್ತಿತ್ತು ಅಂತ. ಆ ನಗು ಹೆಂಗ್ ಬರಿಯೋದು? ಹರಿದಾಕ್ದೆ." ಆಮೇಲೆ ಅಂದ, "ಅದಕ್ಕೇ ಹಾಡಲ್ಲಿ ಹಾಕ್ಬಿಟ್ಟೆ. ನಾನ್ ಹಾಡೋದು ಯಾರಿಗೂ ಅರ್ಥ ಆಗಲ್ಲ, ಧೈರ್ಯವಾಗಿ ಹೇಳ್ಬೋದು. ಆಲ್ಬಮ್ಮಲ್ಲಿ ಅದೊಂದೇ ಕನ್ನಡದ್ದು."

ಕಿರುಚಿದರೆ ಮಾತ್ರ ಕೇಳುವ ಮನೆಯಲ್ಲಿ ಕಿರುಚಬಹುದಾದ ಮಾತುಗಳಷ್ಟೇ ಉಳಿಯುತ್ತವೆ. ನೀರು ಬಂತು, ಗ್ಯಾಸ್ ಬಂತು, ಬಾಗಿಲು ಹಾಕು. ಉಳಿದದ್ದೆಲ್ಲ ಎಲ್ಲಿಗೆ ಹೋಗಬೇಕು? ಆ ಆಲ್ಬಂ ಆಗಲೇಬೇಕು ಎಂದು ನನಗೆ ಅನ್ನಿಸಿದ್ದು ಅವತ್ತು.

ಅಲ್ಲಿಂದ ನಾವಿಬ್ಬರೂ ಕೆಲಸಕ್ಕೆ ಕೂತೆವು. ಅಪ್ಪನನ್ನು ದೂರದಿಂದ ಕರೆಯುವುದು ಬಂದ್. ಎದ್ದು ಹತ್ತಿರ ಹೋಗಿ, ಭುಜ ಮುಟ್ಟಿ, ಬೆಳಕಿನ ಕಡೆ ಮುಖ ಮಾಡಿ, ತುಟಿ ಕಾಣುವ ಹಾಗೆ ಚಿಕ್ಕ ಚಿಕ್ಕ ಮಾತಾಡಬೇಕು. ಬಾಯಿ ಮುಚ್ಚಿಕೊಂಡಿರುವುದಕ್ಕಿಂತ ಇದೇ ಕಷ್ಟ ಅಂದ. ಅಪ್ಪನ ಭುಜ ಮುಟ್ಟಿ ಯಾವ ಕಾಲವಾಗಿತ್ತೋ. ಎಷ್ಟು ಹತ್ತಿರ ಹೋದರೂ ರಂಗಪ್ಪನವರಿಗೆ ಸಿಕ್ಕುತ್ತಿದ್ದದ್ದು ತುಂಡು ತುಂಡು ಮಾತು. ಊಟ, ನೀರು, ಬಾಗಿಲಿಗೆ ಅದು ಸಾಕಾಯಿತು.

ಇನ್ನೊಂದು ಕಡೆ ಆಲ್ಬಮ್ಮಿನ ಹಾಡುಗಳು. ಪ್ರಾಕ್ಟೀಸಿನಲ್ಲಿ ರೆಕಾರ್ಡ್ ಮಾಡಿದ ಸಿಡಿ ತರಿಸಿಕೊಂಡು ಒಂದೊಂದೇ ಹಾಡು ಹಾಕಿ, ಎಲ್ಲಿ ಗಂಟಲು ಉರಿಯುತ್ತದೆ, ಎಲ್ಲಿ ಹಗುರ ಎಂದು ನಿಲ್ಲಿಸಿ ನಿಲ್ಲಿಸಿ ಕೇಳಿದೆವು. ವಿಚಿತ್ರವೆಂದರೆ ಆ ಗುರುಗುಟ್ಟುವ ಸಾಲುಗಳು ಸುಸೂತ್ರವಾಗಿದ್ದವು. ಎರಡೇ ಕಡೆ ಅವನು ಮಾಮೂಲಿ ದನಿಯಲ್ಲಿ ಮೇಲಕ್ಕೇರಿ ಕೂಗುತ್ತಿದ್ದ, ಅಲ್ಲಿ ತಂತು ಸಿಕ್ಕಿಬೀಳುತ್ತಿತ್ತು. ಅವೆರಡನ್ನೂ ಗಿಟಾರಿಗೆ ಬಿಟ್ಟುಕೊಡು ಅಂದೆ. ಅವನು ಮುಖ ಸಣ್ಣದು ಮಾಡಿಕೊಂಡ. ಮಾರನೆಯ ವಾರ ಬಂದು, ಮೇಡಂ, ಗಿಟಾರಲ್ಲೇ ಇನ್ನೂ ಸಖತ್ತಾಗಿದೆ ಅಂದ.

ಒಂದು ಭಾನುವಾರ ಆರ್‌ಪಿಸಿ ಲೇಔಟಿನ ಅವರ ಪ್ರಾಕ್ಟೀಸ್ ರೂಮಿಗೆ ಹೋದೆ. ಗಿಟಾರಿನ ಹುಡುಗನ ಮನೆಯ ತಾರಸಿ ಮೇಲಿನ ಕೋಣೆ, ಗೋಡೆಗೆಲ್ಲ ಹಳೇ ಹಾಸಿಗೆ ಮತ್ತು ಮೊಟ್ಟೆ ಟ್ರೇ. ಶಬ್ದ ಅಳೆಯುವ ಮೀಟರ್ ತೆಗೆದುಕೊಂಡು ಹೋಗಿದ್ದೆ. ಮುಳ್ಳು ನೋಡಿ ನನಗೇ ಗಾಬರಿಯಾಗಿ, ಕಿವಿಗೆ ಪ್ಲಗ್ ಇಲ್ಲದೆ ಇನ್ನು ಮೇಲೆ ಒಂದು ಹಾಡೂ ನುಡಿಸಕೂಡದು ಎಂದು ನಾಲ್ವರಿಗೂ ಹಂಚಿದೆ. "ಮೇಡಂ ನಮ್ಮಮ್ಮಂಗಿಂತ ಸ್ಟ್ರಿಕ್ಟು ಮಗಾ," ಎಂದು ಡ್ರಮ್ಮಿನವನು ಪಕ್ಕದವನಿಗೆ ಹೇಳಿದ್ದು ಕೇಳಿಸಿತು. ನಾನು ಕೇಳಿಸದವಳಂತೆ ಕೂತೆ.

ಆ ಸಂಗೀತದ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಹುಡುಗಿಯಾಗಿದ್ದಾಗ ನಾಲ್ಕಾರು ವರ್ಷ ವೀಣೆ ಕಲಿತವಳು, ನನಗಿದು ರುಚಿಸುವುದಿಲ್ಲ ಎಂದೇ ಹೋಗಿದ್ದೆ. ಎರಡು ಗಿಟಾರುಗಳು ಕೈ ಕೈ ಹಿಡಿದುಕೊಂಡ ಹಾಗೆ ಒಂದು ರಾಗವನ್ನು ಎತ್ತಿಕೊಂಡವು. ಎಷ್ಟು ಸರಳ ರಾಗ ಅಂದರೆ ಒಂದೇ ಸಲಕ್ಕೆ ಬಾಯಿಗೆ ಬರುವಂಥದ್ದು. ಅದರ ಮೇಲೆ ಮಂಜುನ ಆ ಒರಟು ದನಿ. ರಾಗ ಮುದ್ದಾಡುವಂತಿದೆ, ದನಿ ಜಗಳಕ್ಕೆ ನಿಂತಂತಿದೆ, ಆದರೂ ಎರಡೂ ಒಂದೇ ಮಾತು ಹೇಳುತ್ತಿವೆ ಅನ್ನಿಸಿತು. ಕನ್ನಡದ ಹಾಡಿನಲ್ಲಿ 'ಪಕ್ಕದಲ್ಲಿ ಕೂತರೆ ಸಾಕು' ಎಂಬ ಸಾಲು ಮತ್ತೆ ಮತ್ತೆ ಬರುತ್ತಿತ್ತು. ಗೊತ್ತಿದ್ದರಿಂದ ನನಗೆ ತಿಳಿಯಿತು, ಇಲ್ಲದಿದ್ದರೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅವತ್ತಿನಿಂದ ಆ ರಾಗ ನನ್ನನ್ನು ಬಿಡಲಿಲ್ಲ. ಬಸವೇಶ್ವರನಗರದ ನಮ್ಮ ಅಡುಗೆಮನೆಯಲ್ಲಿ ಹುಳಿ ಕುದಿಸುತ್ತಾ ಗುನುಗುತ್ತಿದ್ದರೆ ನಮ್ಮ ಯಜಮಾನರು, "ಯಾವ ದೇವರನಾಮ ಅದು, ಚೆನ್ನಾಗಿದೆ," ಅಂದರು. ಹೌದು, ಹೊಸದು ಅಂದೆ.

ರೆಕಾರ್ಡಿಂಗಿನ ದಿನ ನಾನು ಅರ್ಧ ದಿನ ರಜೆ ಹಾಕಿದೆ. ದೊಡ್ಡ ಡಾಕ್ಟರು ಯಾಕೆಂದು ಕೇಳಿದಾಗ ಕೇಸ್ ಫಾಲೋ ಅಪ್ ಅಂದೆ. ಭಕ್ತಿಗೀತೆಗಳ ಕ್ಯಾಸೆಟ್ ಮಾಡುವ ಸ್ಟುಡಿಯೋ ಅದು, ಗಾಜಿನ ಕೋಣೆಯ ಮೂಲೆಯಲ್ಲಿ ಹೂ ಹಾಕಿದ ದೇವರ ಪಟ ಇತ್ತು. ಇಂಜಿನಿಯರು ಒಬ್ಬರು ಸಾಧು ಮನುಷ್ಯ. ಮೊದಲ ಹಾಡಿಗೆ ಮಂಜು ಬಾಯಿ ತೆರೆದ ಕೂಡಲೇ ಹೆಡ್‌ಫೋನ್ ಕಿತ್ತುಹಾಕಿ ನನ್ನ ಕಡೆ ತಿರುಗಿ, "ಮೇಡಂ, ನಾಳೆ ಇದೇ ಮೈಕಲ್ಲಿ ಸುಪ್ರಭಾತ ಹಾಡಿಸ್ಬೇಕು ನಾನು," ಅಂದರು. ಮೈಕಿಗೆ ಏನೂ ಆಗುವುದಿಲ್ಲ, ನಾನು ಅವನ ಗಂಟಲನ್ನೇ ನೋಡಿಕೊಂಡಿದ್ದೇನೆ ಅಂದೆ. ಸಂಜೆಯ ಹೊತ್ತಿಗೆ ಅವರೂ ಕಾಲಲ್ಲಿ ತಾಳ ಹಾಕುತ್ತಿದ್ದರು.

ಕನ್ನಡದ ಹಾಡನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ದಣಿದ ಗಂಟಲು, ಅದರ ಜೊತೆ ಅಳು ಬಂದರೆ ಎಲ್ಲಾ ಬಿಗಿದುಕೊಳ್ಳುತ್ತದೆ. ಗಾಜಿನ ಆಚೆಯಿಂದ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದೆ, ಇಲ್ಲಿಂದ, ಇಲ್ಲಿಂದ ತೆಗಿ ಎಂದು. ಅವನು ಕಣ್ಣು ಮುಚ್ಚಿಕೊಂಡೇ ಹಾಡಿ ಮುಗಿಸಿದ. ಹೊರಗೆ ಬಂದು ನನ್ನ ಜೊತೆ ಮಾತಾಡಿದಾಗ ದನಿ ತಿಳಿಯಾಗಿತ್ತು. ನಾನು ಅವನ ಬೆನ್ನು ತಟ್ಟಿ, ಅಲ್ಲಿದ್ದ ಬಿಸಿನೀರು ಕುಡಿಸಿದೆ. ಕಣ್ಣಲ್ಲಿ ನೀರು ಬಂದದ್ದು ನನಗೆ.

ಗಂಟಲು ಒಂದು ದಡ ಸೇರಿತು. ಆದರೆ ಆ ಮಾತು ತಲುಪಬೇಕಾದವರಿಗೆ ಇನ್ನೂ ತಲುಪಿರಲಿಲ್ಲ.

ಆಲ್ಬಂ ಸಿಡಿಯಾಗಿ ಬಂದಮೇಲೆ ಮಂಜು ಕೊನೆಯ ಚೆಕಪ್ಪಿಗೆ ಬಂದ. ಅಪ್ಪನನ್ನೂ ಕರೆದುಕೊಂಡು ಬಾ, ಮಗನ ಗಂಟಲು ವಾಸಿಯಾದದ್ದನ್ನು ಟೀವಿಯಲ್ಲಿ ನೋಡಲಿ ಎಂದು ಹೇಳಿದ್ದೆ. ರಂಗಪ್ಪ ಅದೇ ಇಸ್ತ್ರಿ ಶರ್ಟಿನಲ್ಲಿ ಬಂದರು. ದೊಡ್ಡ ಡಾಕ್ಟರು ಉತ್ಸಾಹದಿಂದ ಗಂಟು ಕರಗಿದ್ದನ್ನು ಬೆರಳಿಟ್ಟು ತೋರಿಸಿದರು. ರಂಗಪ್ಪ ತಲೆಯಾಡಿಸಿದರು.

ಮಂಜುವನ್ನು ಹೊರಗೆ ಕೂರಿಸಿ, ರಂಗಪ್ಪನವರನ್ನು ನಮ್ಮ ಗೂಡಿನೊಳಗೆ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದೆ. ಸದ್ದು ಕೇಳಿದರೆ ಬೆರಳೆತ್ತಿ ಎಂದು ಸನ್ನೆ ಮಾಡಿದೆ. ದಪ್ಪ ಸದ್ದುಗಳಿಗೆ ತಕ್ಷಣ ಬೆರಳೆತ್ತಿದರು. ಸಣ್ಣ, ಚೂಪು ಸದ್ದುಗಳಿಗೆ ಗಂಭೀರವಾಗಿ ಸುಮ್ಮನೆ ಕೂತರು. ಪ್ರೆಸ್ ಮುಂದೆ ನಿಂತವರ ಕಿವಿ ಹೀಗೇ ಆಗುವುದು. ಮಾತಿನ ಗದ್ದಲ ಕೇಳುತ್ತದೆ, ಮಾತು ಬಿಡಿಸಿಕೊಳ್ಳುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ನಾನು ಆ ಸಿಡಿ ಹಾಕಿ, ಕನ್ನಡದ ಹಾಡನ್ನು ಹೆಡ್‌ಫೋನಿಗೆ ಬಿಟ್ಟೆ.

ರಂಗಪ್ಪ ನೆಟ್ಟಗೆ ಕೂತರು. ಅಷ್ಟು ದಪ್ಪ ದನಿ ಅವರಿಗೆ ಕೇಳದೆ ಇರುವುದುಂಟೇ.

"ಯಾರಿದು?"

ಗಾಜಿನ ಆಚೆಯಿಂದ ಹೊರಗೆ ಕೂತಿದ್ದ ಮಂಜುವಿನ ಕಡೆ ಕೈ ತೋರಿಸಿದೆ. ಅವರು ನಂಬಲಿಲ್ಲ. ಒಳಗೆ ಹೋಗಿ ಹೆಡ್‌ಫೋನ್ ಎತ್ತಿ, ಎದುರಿಗೆ ನಿಂತು, ತುಟಿ ಕಾಣುವಂತೆ ಹೇಳಿದೆ, ನಿಮ್ಮ ಮಗ, ಹಾಡುತ್ತಿದ್ದಾನೆ.

"ಏನಂತ ಹಾಡ್ತಾವ್ನೆ? ದನಿ ಬರ್ತೈತೆ, ಮಾತು ತಿಳೀತಿಲ್ಲ." ಮುಖ ಬಾಡಿತು. ತಲೆಯಾಡಿಸುವ ಬದಲು ತಿಳಿಯುತ್ತಿಲ್ಲ ಎಂದು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ನಿಮಗೊಬ್ರಿಗೇ ಅಲ್ಲ ರಂಗಪ್ಪನೋರೆ. ಯಾರಿಗೂ ತಿಳಿಯಲ್ಲ. ನಮ್ಮ ಡಾಕ್ಟರಿಗೂ ತಿಳಿಯಲ್ಲ. ಅವನನ್ನೇ ಕೇಳಿ ತಿಳ್ಕೋಬೇಕು."

ಮೂರು ಸಲ ಹೇಳಬೇಕಾಯಿತು. ತಿಳಿದ ಮೇಲೆ ಅವರು ನಕ್ಕರು. "ಯಾರಿಗೂ ತಿಳಿಯಲ್ವಾ," ಎಂದು ಎರಡು ಸಲ ಅಂದರು. ಬಹಳ ವರ್ಷಗಳ ಮೇಲೆ ಎಲ್ಲರ ಜೊತೆ ಒಂದೇ ಬೆಂಚಿನಲ್ಲಿ ಕೂತ ಸಮಾಧಾನ ಆ ಮುಖದಲ್ಲಿತ್ತು. ಆಮೇಲೆ ತಾವಾಗಿಯೇ, "ಅವನನ್ನ ಕೇಳೋಕೆ ನಿಮ್ ಮೆಷಿನ್ ಬೇಕಾ?" ಅಂದರು.

ಆಗ ಹೊಸದಾಗಿ ಬಂದಿದ್ದ ಕಿವಿಯ ಹಿಂದೆ ಸಿಕ್ಕಿಸುವ ಮೆಷಿನ್, ಅದಕ್ಕೊಂದು ವೈರು, ವೈರಿನ ಇನ್ನೊಂದು ತುದಿ ನನ್ನ ಕಂಪ್ಯೂಟರಿಗೆ. ಅವರಿಗೆ ಕಳೆದುಹೋಗಿದ್ದ ಸಣ್ಣ ಸದ್ದುಗಳನ್ನು ಒಂದೊಂದಾಗಿ ಏರಿಸಿದೆ. ಫ್ಯಾನಿನ ಸದ್ದಿಗೆ ತಲೆಯೆತ್ತಿ ನೋಡಿದರು. ಮಂಜುವನ್ನು ಒಳಗೆ ಕರೆದು ಎದುರಿನ ಕುರ್ಚಿಯಲ್ಲಿ ಕೂರಿಸಿದೆ. ನಾನು ಎದ್ದು ಹೋಗಬೇಕೆಂದಿದ್ದೆ, ಆದರೆ ರಂಗಪ್ಪನವರು ವೈರಿನಲ್ಲಿ ನನ್ನ ಕಂಪ್ಯೂಟರಿಗೆ ಕಟ್ಟಿಕೊಂಡಿದ್ದರು, ಹೋಗುವಂತಿರಲಿಲ್ಲ. ಸ್ಕ್ರೀನ್ ನೋಡುತ್ತಾ ಕೂತೆ.

"ಅಪ್ಪಾ, ಕೇಳಿಸ್ತಾ" ಎಂದು ಮಂಜು ಅಭ್ಯಾಸಬಲದಿಂದ ಗಟ್ಟಿಯಾಗಿ ಕೇಳಿದ. ರಂಗಪ್ಪ ಬೆಚ್ಚಿ ಕಿವಿ ಮುಚ್ಚಿಕೊಂಡರು.

"ಯಾಕೋ ಹಂಗ್ ಕಿರುಚ್ತೀಯ? ಇಲ್ಲೇ ಇದೀನಲ್ಲ ನಾನು."

ಅಷ್ಟು ಮೆಲ್ಲಗೆ ಅಪ್ಪನ ಜೊತೆ ಏನು ಮಾತಾಡಬೇಕೆಂದು ಮಂಜುನಿಗೆ ಗೊತ್ತಿರಲಿಲ್ಲ. ರಂಗಪ್ಪನೇ ಕೇಳಿದರು, "ಏನಂತ ಹಾಡಿದೀಯ ಅದ್ರಲ್ಲಿ?"

ಅವನು ನನ್ನ ಕಡೆ ನೋಡಿದ. ನಾನು ನೋಡಲಿಲ್ಲ.

"ಅಮ್ಮ ಅಂದಿದ್ದು," ಅಂದ. "ಆಸ್ಪತ್ರೇಲಿ. ನೀನ್ ಪಕ್ಕದಲ್ಲಿ ಕೂತಿದ್ದಲ್ಲ, ಆವಾಗ." ಆಮೇಲೆ ಅಮ್ಮ ಅಂದ ಹಾಗೆಯೇ, ಸಣ್ಣಗೆ ನಗುತ್ತಾ, ಮೆಲುದನಿಯಲ್ಲಿ ಅಂದ, "ಇವ್ರಿಗೆ ಕೇಳಿಸ್ತಿಲ್ಲ ಅಂತ ಗೊತ್ತು ಕಣೋ. ತಲೆ ಆಡಿಸ್ಕೊಂಡು ಪಕ್ಕದಲ್ಲೇ ಕೂತವ್ರಲ್ಲ, ಸಾಕು ಬಿಡು."

ರಂಗಪ್ಪ ತಲೆಯಾಡಿಸಲಿಲ್ಲ. ಮಗನ ಬಾಯಿಯನ್ನೇ ನೋಡುತ್ತಾ ಕೂತರು.

"ಗೊತ್ತಿತ್ತಾ ಅವ್ಳಿಗೆ?"

"ಗೊತ್ತಿತ್ತಪ್ಪ."

"ನಗ್ತಾ ಅಂದ್ಲಾ?"

"ಹೂಂ. ನಗ್ತಾನೇ ಅಂದ್ಲು."

ಅವರು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, "ಇನ್ನೊಂದ್ ಸಲ ಹೇಳು," ಅಂದರು.

"ಕೇಳಿಸ್ಲಿಲ್ವಾ ಅಪ್ಪ?"

"ಕೇಳಿಸ್ತು. ಹೇಳು."